ಹೊಂಗೆ ನೆರಳಿನ ಆಂಬುಲೆನ್ಸ್

ಜಕ್ಕೂರಿನ ಹಳೇ ಊರಿನೊಳಗೆ ಗಾಡಿ ನಿಲ್ಲಿಸುವುದೆಂದರೆ ದೊಡ್ಡ ತಲೆನೋವು. ಸುತ್ತಮುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಮನೆಮನೆಗೂ ಕಾರು ಬಂತು. ಊರ ಬೀದಿ ಮಾತ್ರ ಎತ್ತಿನಗಾಡಿ ಓಡಾಡುತ್ತಿದ್ದ ಕಾಲದಲ್ಲಿ ಎಷ್ಟು ಅಗಲವಿತ್ತೋ ಈಗಲೂ ಅಷ್ಟೇ ಇದೆ. ಅದರಲ್ಲೂ ಮುನಿಕೆಂಪಮ್ಮನ ಹೋಟೆಲಿನ ಪಕ್ಕ ಒಂದು ಹೊಂಗೆ ಮರವಿದೆ. ಬೇಸಿಗೆ ಬಂತೆಂದರೆ ಆ ನೆರಳಿನ ಮೇಲೆ ಎಲ್ಲರ ಕಣ್ಣು.

ಮುನಿಕೆಂಪಮ್ಮನದು ಮನೆಯ ಮುಂಭಾಗದಲ್ಲೇ ಇರುವ ಸಣ್ಣ ಹೋಟೆಲು. ಬೆಳಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಒಲೆ ಅವಳದು, ಗಲ್ಲಾ ಪೆಟ್ಟಿಗೆ ಗಂಡ ಮುನಿಆಂಜಿನಪ್ಪನದು. ಮಗ ಪುನೀತ್ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಮಗಳು ವನಿತಾ ಯಲಹಂಕದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಗಂಡು ಹುಡುಕುತ್ತಿದ್ದರು.

ಒಂದು ದಿನ ಬೆಳಗಿನ ತಿಂಡಿಯ ಗಲಾಟೆ ಮುಗಿಯುವ ಹೊತ್ತಿಗೆ 108 ಆಂಬುಲೆನ್ಸೊಂದು ಬಂದು ಹೊಂಗೆ ಮರದ ಕೆಳಗೆ ನಿಂತಿತು. ತೆಳ್ಳಗಿನ ಯುವಕನೊಬ್ಬ ಇಳಿದು ಬಂದು ಹೋಟೆಲಿನ ಬಾಗಿಲಲ್ಲಿ ನಿಂತ.

"ಅಮ್ಮಾ, ಇಲ್ಲೇ ನೆರಳಿಗೆ ಗಾಡಿ ನಿಂದರಿಸ್ಲೇನ್ರೀ? ಕಾಲ್ ಬಂದ ಕೂಡ್ಲೇ ಹೊಂಟುಬಿಡ್ತೀವ್ರಿ."

"ನೀನ್ಯಾರಪ್ಪ?"

"ನನ್ ಹೆಸರು ಶರಣು ಅಂತ್ರೀ. ಈ ಗಾಡಿ ಪೈಲಟ್."

ಅದೇ ಹೊತ್ತಿಗೆ ಊರ ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗುರ್ರೆನ್ನುತ್ತಾ ಕೆರೆಯ ಕಡೆಗೆ ಹೋಯಿತು. ಮುನಿಕೆಂಪಮ್ಮ ಒಮ್ಮೆ ಮೇಲೆ ನೋಡಿದಳು, ಒಮ್ಮೆ ಅವನನ್ನು ನೋಡಿದಳು.

"ಪೈಲಟ್ ಆದ್ರೆ ಅಲ್ಲಿರ್ಬೇಕಲ್ವಾ? ಇಲ್ಲೇನ್ ಮಾಡ್ತಿದ್ದೀಯ?"

ಗಾಡಿಯ ಇನ್ನೊಂದು ಬಾಗಿಲಿನಿಂದ ಇಳಿದ ಹುಡುಗಿ ನಕ್ಕಳು. "ಆಂಬುಲೆನ್ಸ್ ಡ್ರೈವರ್‌ಗೂ ಪೈಲಟ್ ಅಂತಾನೇ ಅಂತಾರೆ ಅಕ್ಕ. ಇವರು ಹಾರಿಸಲ್ಲ, ಓಡಿಸ್ತಾರೆ. ನಾನು ಯಶೋಧಾ, ದೊಡ್ಡಬಳ್ಳಾಪುರದವಳು. ಒಳಗಡೆ ಪೇಷಂಟ್ ನೋಡ್ಕೊಳ್ಳೋದು ನನ್ನ ಕೆಲಸ."

ಮುನಿಕೆಂಪಮ್ಮನಿಗೂ ನಗು ಬಂತು. ನಕ್ಕ ಮೇಲೆ ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. "ಆಯ್ತು, ನಿಲ್ಸ್ಕೊಳಿ" ಅಂದಳು.

ಆಮೇಲೆ ಶುರುವಾಯಿತು ನೋಡಿ.

ಎದುರಿನ ಸಾಲಿನಲ್ಲಿ ವೆಂಕಟಸ್ವಾಮಿಯ ಪೂಜಾ ಸಾಮಗ್ರಿ ಅಂಗಡಿ. ಮೊದಲ ವಾರವೇ ಅವನು ಹೋಟೆಲಿಗೆ ಬಂದು ಕಾಫಿ ಹೇಳಿ, ದನಿ ತಗ್ಗಿಸಿದ. "ಕೆಂಪಕ್ಕ, ಬೆಳಗ್ಗೆ ಎದ್ದು ಷಟರ್ ಎತ್ತಿದ್ರೆ ಎದುರಿಗೇ ಆಂಬುಲೆನ್ಸು. ಅರಿಸಿನ ಕುಂಕುಮ ಮಾರೋನು ನಾನು. ಬೋಣಿ ಎಂಗಾಯ್ತದೆ ಏಳು."

"ಅವ್ರೇನು ಎಣ ಒರ್ತಾರಾ ಅಣ್ಣ? ಕಾಯ್ಲೆ ಇರೋರ್ನ ಆಸ್ಪತ್ರೆಗೆ ಕರ್ಕೊಂಡೋಯ್ತಾರೆ ಅಷ್ಟೇಯ" ಎಂದು ಗಲ್ಲಾದಿಂದ ಮುನಿಆಂಜಿನಪ್ಪ ಹೇಳಿದ. ಶರಣುವಿನ ಜೊತೆ ಅವನಿಗೆ ಆಗಲೇ ಸ್ನೇಹವಾಗಿತ್ತು. ಕಲಬುರಗಿ ಕಡೆಯ ಬಿಸಿಲು, ತೊಗರಿ, ರೊಟ್ಟಿ ಅಂತ ಇಬ್ಬರೂ ಮಾತಿಗೆ ಕೂತರೆ ಏಳುತ್ತಿರಲಿಲ್ಲ.

ಮುನಿಕೆಂಪಮ್ಮನಿಗೆ ಮಾತ್ರ ಕಿರಿಕಿರಿ. ಹೋಟೆಲಿಗೆ ಬಂದವರೆಲ್ಲ "ಏನಮ್ಮ, ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂತ ಕೇಳುತ್ತಿದ್ದರು. ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಯಿತು. ಅವರಿಬ್ಬರೂ ಗಾಡಿಯಲ್ಲಿ ಸುಮ್ಮನೆ ಕೂತಿರುವುದನ್ನು ಕಂಡಾಗ, ಕೂತು ಸಂಬಳ ತಗೊಳ್ಳೋರು ಅನ್ನಿಸುತ್ತಿತ್ತು. ಪುನೀತ್ ಅದಕ್ಕೆ ಒಗ್ಗರಣೆ ಹಾಕುತ್ತಿದ್ದ.

"ಇವರ ಸೈರನ್ನೆಲ್ಲ ಸುಮ್ನೆ ಕಣಮ್ಮ. ಒಳಗೆ ಯಾರೂ ಇರಲ್ಲ, ಟ್ರಾಫಿಕ್ ತಪ್ಪಿಸ್ಕೊಳ್ಳೋಕೆ ಹಾಕ್ಕೋತಾರೆ. ಹೆಬ್ಬಾಳದಲ್ಲಿ ದಿನಾ ನೋಡ್ತೀನಿ. ನಾವೂ ಹಿಂದೇನೇ ನುಗ್ಗಿಬಿಡ್ತೀವಿ, ದಾರಿ ಸಿಗುತ್ತೆ."

ಒಂದು ಮಧ್ಯಾಹ್ನ ಯಶೋಧಾ ಅಡುಗೆಮನೆಯ ಬಾಗಿಲಿಗೆ ಬಂದು ಸಂಕೋಚದಿಂದ ಕೇಳಿದಳು. "ಅಕ್ಕ, ನಿಮ್ಮ ಬಾತ್‌ರೂಮು ಒಂದ್ಸಲ ಉಪಯೋಗಿಸ್ಲಾ?"

ಮುನಿಕೆಂಪಮ್ಮನ ತಲೆಯಲ್ಲಿ ಒಂದು ಯೋಚನೆ ಹಾದುಹೋಯಿತು. ಎಂತೆಂಥಾ ಕಾಯಿಲೆಯವರನ್ನು ಮುಟ್ಟಿದ ಕೈಯೋ. "ನೀರು ಬಂದಿಲ್ಲ ಕಣಮ್ಮ" ಅಂದಳು. ಅವಳ ಹಿಂದೆಯೇ ನೀಲಿ ಡ್ರಮ್ಮು ತುಂಬಿ ನಿಂತಿತ್ತು. ಯಶೋಧಾ ಡ್ರಮ್ಮನ್ನು ನೋಡಿದಳು. "ಪರವಾಗಿಲ್ಲ ಬಿಡಿ ಅಕ್ಕ" ಎಂದು ಹೊರಟುಹೋದಳು. ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ವನಿತಾಳನ್ನು ನೋಡಲು ಭಾನುವಾರ ಬರುತ್ತೇವೆಂದು ಯಲಹಂಕದ ಗಂಡಿನ ಕಡೆಯವರು ಫೋನ್ ಮಾಡಿದರು. ಶನಿವಾರ ಮುನಿಕೆಂಪಮ್ಮ ಕೈ ಒರೆಸಿಕೊಂಡು ಗಾಡಿಯ ಹತ್ತಿರ ಹೋದಳು. ಇಬ್ಬರೂ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು.

"ನೋಡಪ್ಪ ಶರಣು, ನಾಳೆ ಮಗಳ್ನ ನೋಡಕ್ಕೆ ಬತ್ತಾವ್ರೆ. ಬಾಗ್ಲಲ್ಲೇ ಈ ಗಾಡಿ ನಿಂತಿದ್ರೆ ಅವ್ರು ಏನಂದ್ಕೊಂಡಾರು?"

"ಆಯ್ತ್ರೀ ಅಮ್ಮಾ. ನಾಳೆ ಒಂದಿನ ಬ್ಯಾರೆ ಕಡೆ ನಿಂದರಿಸ್ತೀವ್ರಿ."

ಮುನಿಕೆಂಪಮ್ಮ ಅಲ್ಲಿಂದ ಕದಲಲಿಲ್ಲ. ವೆಂಕಟಸ್ವಾಮಿ ಅಂಗಡಿಯಿಂದಲೇ ನೋಡುತ್ತಿದ್ದ. "ನಾಳೆ ಅಂತಲ್ಲ. ಇನ್ಮೇಲೆ ಬ್ಯಾಡ ಕಣಪ್ಪ. ಬೀದಿಯೋರೆಲ್ಲ ಏಳ್ತಾವ್ರೆ" ಅಂದಳು.

ಶರಣು ಯಶೋಧಾಳ ಮುಖ ನೋಡಿದ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಗಾಡಿ ಹಿಂದಕ್ಕೆ ಸರಿದು, ಬೀದಿ ತಿರುವಿನಲ್ಲಿ ಮರೆಯಾಯಿತು.

ಭಾನುವಾರ ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಹುಡುಗಿ ಒಪ್ಪಿಗೆ ಅಂದೇ ಎದ್ದರು. ಗಾಡಿ ಕಳಿಸಿದ್ದೇ ಒಳ್ಳೆಯದಾಯಿತು ಎಂದುಕೊಂಡಳು ಮುನಿಕೆಂಪಮ್ಮ. ಮರುದಿನ ಹೊಂಗೆ ನೆರಳಿಗೆ ಯಾರದೋ ಬಿಳಿ ಕಾರು ಬಂದು ನಿಂತಿತು. "ಈಗ ನೋಡು ಕೆಂಪಕ್ಕ, ಬೀದಿ ಎಷ್ಟು ಲಕ್ಷಣವಾಗದೆ" ಅಂದ ವೆಂಕಟಸ್ವಾಮಿ.

ಮುನಿಆಂಜಿನಪ್ಪನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಸ್ವಲ್ಪ ಹೊತ್ತಿಗೆ ಎರಡು ಇಡ್ಲಿ ತಿನ್ನುವುದು ಅವನ ಪದ್ಧತಿ. ಮದುವೆ ಮಾತು ನಡೆದು ಒಂದಿಷ್ಟು ದಿನ ಕಳೆದಿತ್ತು. ಆವತ್ತು ಇನ್ಸುಲಿನ್ ಚುಚ್ಚಿಕೊಂಡು ತಟ್ಟೆಗೆ ಕೈ ಹಾಕಬೇಕು, ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಇವನು ಎದ್ದು ಹೋಗಿ ಪೈಪು ಹಿಡಿದ. ಸಂಪು ತುಂಬುವ ಮೊದಲೇ ಟ್ಯಾಂಕರಿನವನು ಪೈಪು ಎಳೆದನೆಂದು ಜಗಳವಾಯಿತು. ಜಗಳ ಮುಗಿಯುವ ಹೊತ್ತಿಗೆ ಹೋಟೆಲು ತುಂಬಿತ್ತು. ತಿಂಡಿ ಮರೆತು ನೇರ ಗಲ್ಲಾದಲ್ಲಿ ಕೂತ.

ಸ್ವಲ್ಪ ಹೊತ್ತಿಗೆಲ್ಲ ಅವನ ಅಂಗಿ ಬೆವರಿನಿಂದ ಮೈಗಂಟಿತು. ದಿನಾ ಬರುವ ಗಿರಾಕಿಯನ್ನೇ "ನೀನ್ಯಾರು?" ಎಂದು ಕೇಳಿದ. ನಾಲಗೆ ತೊದಲುತ್ತಿತ್ತು. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದು ಮುನಿಕೆಂಪಮ್ಮ ಒಲೆಯ ಮುಂದಿನಿಂದಲೇ ಗದರಿದಳು. ಎರಡನೇ ಸಲ ತಿರುಗಿ ನೋಡಿದಾಗ ಅವನು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದ. ಕಣ್ಣು ಅರೆ ತೆರೆದಿತ್ತು. ಕೂಗಿದರೆ ಓಗೊಡಲಿಲ್ಲ.

ಕೆಲಸಕ್ಕೆ ಹೊರಟಿದ್ದ ವನಿತಾ ಚಪ್ಪಲಿ ಕಾಲಲ್ಲೇ ಓಡಿ ಬಂದು 108ಕ್ಕೆ ಫೋನ್ ಹಚ್ಚಿದಳು. ಆ ಕಡೆಯಿಂದ ಹೆಣ್ಣು ದನಿ ಸಮಾಧಾನವಾಗಿ ಹೇಳಿತು. "ಅವರನ್ನ ಒಂದು ಮಗ್ಗುಲಿಗೆ ಮಲಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕ್ಬೇಡಿ, ನೀರೂ ಬೇಡ. ಹತ್ತಿರದ ಗುರುತು ಹೇಳಿ. ಒಬ್ಬರನ್ನ ರಸ್ತೆ ತುದಿಗೆ ಕಳಿಸಿ, ಗಾಡಿಗೆ ದಾರಿ ತೋರಿಸ್ಲಿ."

ವೆಂಕಟಸ್ವಾಮಿ ಆಗಲೇ ಲೋಟದಲ್ಲಿ ನೀರು ಹಿಡಿದು ಬಗ್ಗಿದ್ದ. ವನಿತಾ ಅವನ ಕೈ ಹಿಡಿದು ತಡೆದಳು. ಅಪ್ಪನನ್ನು ಮಗ್ಗುಲಿಗೆ ತಿರುಗಿಸಿದಳು. ಆದರೆ ರಸ್ತೆ ತುದಿಗೆ ಹೋಗಿ ನಿಲ್ಲಬೇಕೆಂಬ ಮಾತು ಆ ಗಾಬರಿಯಲ್ಲಿ ಯಾರ ತಲೆಗೂ ಹೋಗಲಿಲ್ಲ. ಎಲ್ಲರೂ ಮುನಿಆಂಜಿನಪ್ಪನ ಸುತ್ತಲೇ ನಿಂತರು. ಪುನೀತ್ ತನ್ನ ಕ್ಯಾಬಿನಲ್ಲೇ ಕರೆದೊಯ್ಯೋಣವೆಂದು ಓಡಿದ. ಕ್ಯಾಬಿಗೆ ಅಡ್ಡವಾಗಿ ಆ ಬಿಳಿ ಕಾರು ನಿಂತಿತ್ತು. ಅದರ ಮಾಲೀಕ ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಎಲ್ಲೋ ದೂರದಲ್ಲಿ ಸೈರನ್ ಕೇಳಿತು. ಹತ್ತಿರ ಬಂದಂತಾಯಿತು, ಮತ್ತೆ ದೂರ ಹೋಯಿತು. ಪಕ್ಕದ ಬೀದಿಗೆ ನುಗ್ಗಿ ಹಿಂದಕ್ಕೆ ಬರುತ್ತಿದೆ ಅಂತ ಯಾರೋ ಅಂದರು. ಮುನಿಕೆಂಪಮ್ಮ ಗಂಡನ ಕೈ ಹಿಡಿದು ಕೂತಿದ್ದಳು. ಕೈ ತಣ್ಣಗಿತ್ತು. ಸೈರನ್ ಈಗ ಬೀದಿಯ ಬಾಯಲ್ಲೇ ಕೂಗುತ್ತಿತ್ತು, ಮುಂದೆ ಮಾತ್ರ ಬರುತ್ತಿರಲಿಲ್ಲ. ಅಲ್ಲಿ ಸಿಮೆಂಟ್ ಇಳಿಸುತ್ತಿದ್ದ ಟೆಂಪೋ, ಅದರ ಪಕ್ಕ ಸಾಲಾಗಿ ಬೈಕುಗಳು. ಕೊನೆಗೆ ಇಬ್ಬರು ಸ್ಟ್ರೆಚರ್, ಬ್ಯಾಗು ಹೊತ್ತು ಓಡಿಕೊಂಡೇ ಬಂದರು. ಶರಣು, ಯಶೋಧಾ.

ಪುನೀತ್ ಶರಣುವಿನ ಕೊರಳಪಟ್ಟಿಗೆ ಕೈ ಹಾಕಿದ. "ಎಷ್ಟೊತ್ತು ಗುರು? ಟೀ ಕುಡ್ಕೊಂಡ್ ಬಂದ್ರಾ? ನಮ್ಮಪ್ಪ ಸಾಯ್ಲಿ ಅಂತ ಕಾಯ್ತಿದ್ರಾ?"

ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ಶರಣು ಕೈ ಎತ್ತಲಿಲ್ಲ. "ಆಮ್ಯಾಲೆ ಬೈಯ್ರಿ ಅಣ್ಣಾ, ನಿಂತು ಕೇಳ್ತೀನಿ. ಈಗ ಜಾಗ ಬಿಡ್ರಿ."

ಯಶೋಧಾ ಮಂಡಿಯೂರಿ ಕೂತು ಉಸಿರು, ನಾಡಿ ನೋಡಿದಳು. ಮುನಿಆಂಜಿನಪ್ಪನ ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಪುಟ್ಟ ಮಿಷನ್ನಿಗೆ ಮುಟ್ಟಿಸಿದಳು. ಸುತ್ತ ಗದ್ದಲ ಎದ್ದಿತು. ಇಲ್ಲೇ ಕೂತ್ಕೊಂಡು ಏನ್ ಮಾಡ್ತಾವ್ರೆ, ಎತ್ತಾಕ್ಕೊಂಡು ಓಗ್ಬಾರ್ದಾ ಅಂತ ಒಬ್ಬ. ಇನ್ನೊಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ. ಮುನಿಕೆಂಪಮ್ಮನೂ ಯಶೋಧಾಳ ಭುಜ ಹಿಡಿದು ಜಗ್ಗಿದಳು.

"ಮೊದ್ಲು ಎತ್ತಮ್ಮ. ಸೂಜಿಯೆಲ್ಲ ಆಸ್ಪತ್ರೇಲಿ ಆಕ್ತಾರೆ."

"ಅಕ್ಕ, ಇವತ್ತು ಇನ್ಸುಲಿನ್ ತಗೊಂಡ್ರಾ?"

"ಊಂ."

"ತಿಂಡಿ ತಿಂದ್ರಾ?"

ಮುನಿಕೆಂಪಮ್ಮ ತಿರುಗಿ ನೋಡಿದಳು. ಗಲ್ಲಾದ ಪಕ್ಕ ಮುಚ್ಚಿಟ್ಟ ಇಡ್ಲಿ ತಟ್ಟೆ ಹಾಗೆಯೇ ಇತ್ತು.

"ಶುಗರ್ ತುಂಬಾ ಇಳಿದುಹೋಗಿದೆ ಅಕ್ಕ. ಆಸ್ಪತ್ರೆ ಸೇರೋವರೆಗೂ ಕಾಯೋದು ಬೇಡ. ಇದಕ್ಕೆ ಕೊಡೋದು ನಮ್ಮ ಹತ್ರಾನೇ ಇದೆ" ಎಂದಳು ಯಶೋಧಾ. ಫೋನಿನಲ್ಲಿ ಡಾಕ್ಟರ ಜೊತೆ ಎರಡು ಮಾತಾಡಿದಳು. ಕೈಯ ನರ ಹುಡುಕಿ ಗ್ಲೂಕೋಸ್ ಏರಿಸತೊಡಗಿದಳು. ಶರಣು ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈ ಚಾಚಿ ಜನರನ್ನು ಹಿಂದಕ್ಕೆ ಸರಿಸುತ್ತಿದ್ದ. "ಗಾಳಿ ಆಡ್ಲಿ ಬಿಡ್ರಿ, ಒಂಚೂರು ಗಾಳಿ ಬಿಡ್ರಿ."

ಜನ ನೋಡುತ್ತಿದ್ದಂತೆ ಮುನಿಆಂಜಿನಪ್ಪನ ರೆಪ್ಪೆ ಅಲುಗಿತು. ತುಟಿ ಒದ್ದೆ ಮಾಡಿಕೊಂಡ. ಕಣ್ಣು ತೆರೆದು, ತನ್ನ ಮೇಲೆ ಬಗ್ಗಿದ್ದ ಅಷ್ಟೂ ಮುಖಗಳನ್ನು ನೋಡಿದ.

"ಟ್ಯಾಂಕರ್ನೋನು ಓದ್ನಾ? ಆ ಪೈಪು ನಮ್ದು ಕಣೋ, ಎತ್ಕೊಂಡೋದಾನು."

ವನಿತಾ ಅಳುತ್ತಲೇ ನಕ್ಕಳು. ಪುನೀತ್ ಗೋಡೆಗೆ ಒರಗಿದ. ಮುನಿಕೆಂಪಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಒಂದ್ಸಲ ಆಸ್ಪತ್ರೇಲಿ ತೋರಿಸ್ಲೇಬೇಕು ಅಕ್ಕ, ಮತ್ತೆ ಇಳೀಬಹುದು" ಅಂದಳು ಯಶೋಧಾ. ಈಗ ಬೀದಿಯ ಬಾಯಲ್ಲಿದ್ದ ಬೈಕುಗಳು ತಾವಾಗಿ ಪಕ್ಕಕ್ಕೆ ಸರಿದವು.

ಆಂಬುಲೆನ್ಸಿನ ಒಳಗೆ ಮುನಿಕೆಂಪಮ್ಮ ಕೂತದ್ದು ಅದೇ ಮೊದಲು. ಗಂಡ ಮಲಗಿದ್ದ, ಮಾತಾಡುತ್ತಿದ್ದ. ಹಿಂದಿನ ಗಾಜಿನಲ್ಲಿ ನೋಡಿದರೆ ಒಂದು ಕಾರು ಇವರ ಗಾಡಿಗೆ ಅಂಟಿಕೊಂಡಂತೆ ಬರುತ್ತಿತ್ತು.

"ಇವ್ನು ಯಾಕಮ್ಮ ನಮ್ಮಿಂದೇನೇ ಬತ್ತಾವ್ನೆ?"

"ನಮ್ಮ ಹಿಂದೆ ಬಂದ್ರೆ ದಾರಿ ಸಿಗುತ್ತಲ್ಲ ಅಕ್ಕ, ಅದಕ್ಕೆ. ಶರಣು ಬ್ರೇಕ್ ಹಾಕಿದ್ರೆ ಅವನು ಬಂದು ಗುದ್ದುತ್ತಾನೆ. ಅದಕ್ಕೇ ಅವರು ಬ್ರೇಕ್ ಹಾಕೋಕೂ ಹೆದರ್ತಾರೆ."

ಮುನಿಕೆಂಪಮ್ಮನಿಗೆ, ನಾವೂ ಹಿಂದೇನೇ ನುಗ್ಗಿಬಿಡ್ತೀವಿ ಎಂಬ ಮಗನ ಮಾತು ನೆನಪಾಯಿತು.

"ಅಲ್ಲ ಕಣಮ್ಮ," ಮುನಿಆಂಜಿನಪ್ಪ ಕೇಳಿದ, "ನೀವು ನಮ್ಮ ಮರದ ಕೆಳಗೇ ಇರ್ತಿದ್ರಲ್ಲ. ಈಗೆಲ್ಲಿಂದ ಬಂದ್ರಿ?"

"ಬಳ್ಳಾರಿ ರೋಡ್ ಆ ಕಡೆ ಸರ್ವಿಸ್ ರೋಡಿಂದ ಸರ್. ಈಗ ಅಲ್ಲಿ ನಿಲ್ತೀವಿ. ಈ ಕಡೆ ಬರ್ಬೇಕಾದ್ರೆ ದೂರ ಹೋಗಿ ತಿರುಗಿಸ್ಕೊಂಡು ಬರ್ಬೇಕು."

"ಅಲ್ಯಾಕೆ ಓದ್ರಿ? ನಮ್ಮನೆ ಪಕ್ಕಕ್ಕೆ ಏನಾಗಿತ್ತು?"

ಯಶೋಧಾ ಬಾಟಲಿಯ ಹನಿ ನೋಡುತ್ತಿದ್ದಳು. ಕೇಳಿಸದವಳಂತೆ ಇದ್ದಳು. ಅವಳು ಹೇಳುವುದಿಲ್ಲ ಎಂಬುದು ಮುನಿಕೆಂಪಮ್ಮನಿಗೆ ಗೊತ್ತಾಯಿತು.

"ನಾನೇ ಬ್ಯಾಡ ಅಂದೆ" ಎಂದಳು. "ಒಂದಿನಕ್ಕಲ್ಲ, ಬರ್ಲೇಬ್ಯಾಡಿ ಅಂದೆ."

ಮುನಿಆಂಜಿನಪ್ಪ ಹೆಂಡತಿಯ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಏನಾದರೂ ಮಾಡಬೇಕಲ್ಲ ಎಂದು ತನ್ನ ನೀರಿನ ಬಾಟಲಿ ತೆಗೆದು ಯಶೋಧಾಳಿಗೆ ಕೊಟ್ಟಳು. ಆ ಹುಡುಗಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಯಶೋಧಾ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬಾಟಲಿ ವಾಪಸ್ಸು ಕೊಟ್ಟಳು.

"ಪೂರ್ತಿ ಕುಡಿಯಮ್ಮ. ಬೆಳಗ್ಗೆಯಿಂದ ಓಡಾಡ್ತಿದ್ದೀಯ."

"ಡ್ಯೂಟೀಲಿ ಜಾಸ್ತಿ ಕುಡಿಯಲ್ಲ ಅಕ್ಕ. ಕುಡಿದ್ರೆ ಹೋಗ್ಬೇಕಾಗುತ್ತೆ. ಸರ್ವಿಸ್ ರೋಡಲ್ಲಿ ಎಲ್ಲಿಗೆ ಹೋಗ್ಲಿ?" ಅವಳು ನಕ್ಕೇ ಹೇಳಿದಳು. "ಮೊನ್ನೆ ಉರಿಮೂತ್ರ ಆಗಿ ನಾನೇ ಪೇಷಂಟ್ ಆಗ್ಬಿಟ್ಟಿದ್ದೆ."

ತುಂಬಿದ ಡ್ರಮ್ಮಿನ ಮುಂದೆ ನಿಂತು ನೀರಿಲ್ಲ ಅಂದ ಮಧ್ಯಾಹ್ನ ಮುನಿಕೆಂಪಮ್ಮನ ಕಣ್ಣ ಮುಂದೆ ಬಂತು. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು. ಆಸ್ಪತ್ರೆ ಬರುವವರೆಗೂ ತಲೆ ಎತ್ತಲಿಲ್ಲ.

ಯಲಹಂಕದ ಆಸ್ಪತ್ರೆಯಲ್ಲಿ ಸಂಜೆವರೆಗೂ ಇರಿಸಿಕೊಂಡು ಮನೆಗೆ ಕಳಿಸಿದರು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಟ್ಯಾಂಕರ್ ಬರಲಿ, ಮಂತ್ರಿಯೇ ಬರಲಿ, ತಿಂಡಿ ಬಿಡಬಾರದು ಎಂದು ಡಾಕ್ಟರು ಹೇಳಿದರು. ಬೆವರು, ನಡುಕ ಶುರುವಾದರೆ, ಪ್ರಜ್ಞೆ ಇರುವಾಗಲೇ ಬಾಯಿಗೆ ಸಕ್ಕರೆ ಹಾಕಿಕೊಳ್ಳಬೇಕು ಎಂದರು. ಮುನಿಆಂಜಿನಪ್ಪ ಗಲ್ಲಾದ ಮೇಲೆ ಒಂದು ಡಬ್ಬಿ ಸಕ್ಕರೆ ಇಟ್ಟುಕೊಂಡ.

ಮಾರನೆಯ ಬೆಳಗ್ಗೆ ತಿಂಡಿಯ ಹೊತ್ತು ಮುಗಿದ ಕೂಡಲೇ ಮುನಿಕೆಂಪಮ್ಮ ಮಗನ ಬೈಕು ಹತ್ತಿದಳು. ಇಬ್ಬರೂ ಸರ್ವಿಸ್ ರೋಡಿಗೆ ಹೋದರು. ಧೂಳು, ಬಿಸಿಲು, ಮೇಲಿನ ಫ್ಲೈಓವರಿನಲ್ಲಿ ಏರ್‌ಪೋರ್ಟಿನ ಕಡೆ ಓಡುವ ಗಾಡಿಗಳ ಸದ್ದು. ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದು ಯಶೋಧಾ ಒಳಗೆ ಒರೆಸುತ್ತಿದ್ದಳು. ಪುನೀತ್ ತಲೆ ತಗ್ಗಿಸಿಕೊಂಡು ಶರಣುವಿನ ಮುಂದೆ ನಿಂತ.

"ಗುರು, ನಿನ್ನೆ ಕೈ ಮಾಡಿದ್ದು ತಪ್ಪಾಯ್ತು."

ಶರಣು ಹೇಳಿದ. "ಅಪ್ಪ ನೆಲದ ಮ್ಯಾಲ ಬಿದ್ದಿದ್ರು, ನಿಮ್ಗ ಸಿಟ್ಟು ಬಂತು. ಅದು ನಂಗ ತಿಳೀತದ ಅಣ್ಣಾ. ಆದ್ರ ನಮ್ಗೂ ನೋವಾಗ್ತದ್ರಿ. ಒಂದು ಮನ್ಯಾಗ ಬೈಸ್ಕೊಂಡು, ಅಲ್ಲಿಂದ ಮುಂದಿನ ಕಾಲ್‌ಗೆ ಗಾಡಿ ಓಡಿಸ್ಬೇಕು. ಸ್ಟೇರಿಂಗ್ ಮ್ಯಾಲ ಕೈ ನಡಗ್ತಿರ್ತಾವ. ಆ ಪೇಷಂಟ್ ಏನ್ ತಪ್ಪು ಮಾಡ್ಯಾನ್ರಿ?"

ಪುನೀತ್ ಮನಸ್ಸಿನಲ್ಲಿದ್ದ ಇನ್ನೊಂದು ಅನುಮಾನವನ್ನೂ ಕೇಳಿಬಿಟ್ಟ. "ಖಾಲಿ ಗಾಡೀಲೂ ಸೈರನ್ ಹಾಕ್ಕೊಂಡು ಹೋಗ್ತೀರಲ್ಲ, ಅದ್ಯಾಕೆ?"

ಯಶೋಧಾ ಒಳಗಿನಿಂದಲೇ ಹೇಳಿದಳು. "ನಿನ್ನೆ ನಿಮ್ಮಪ್ಪನ ಹತ್ರ ಬರೋವಾಗ ಗಾಡಿ ಖಾಲಿನೇ ಇತ್ತಲ್ಲಣ್ಣ."

ಪುನೀತ್ ಕಿವಿ ಕೆಂಪಾಗಿ ಅಮ್ಮನ ಕಡೆ ತಿರುಗಿದ. ಮುನಿಕೆಂಪಮ್ಮ ಯಶೋಧಾಳ ಹತ್ತಿರ ಹೋಗಿ ಅವಳ ಒದ್ದೆ ಕೈ ಹಿಡಿದುಕೊಂಡಳು. "ಬಾರಮ್ಮ ಮನೆತಾವಕ್ಕೆ. ಮರ ಅದೆ, ನೆರಳದೆ. ಇತ್ಲ ಬಾಗ್ಲಿಂದ ಬಚ್ಚಲಿಗೆ ದಾರಿ ಅದೆ, ನನ್ನ ಕೇಳದೇ ಬ್ಯಾಡ. ಒಟ್ಟೆ ತುಂಬ ನೀರು ಕುಡಿ."

ಯಶೋಧಾ ಶರಣುವಿನ ಕಡೆ ನೋಡಿದಳು. ಅವನಾಗಲೇ ಗಾಡಿ ಹತ್ತಿದ್ದ.

ಬಿಳಿ ಕಾರು ಹೋಗಿ ಖಾಲಿಯಾಗಿದ್ದ ಹೊಂಗೆ ನೆರಳಿಗೆ ಆಂಬುಲೆನ್ಸ್ ವಾಪಸ್ಸು ಬಂದಾಗ ವೆಂಕಟಸ್ವಾಮಿ ಅಂಗಡಿಯಿಂದ ಇಳಿದು ಬಂದ. "ಅಲ್ಲ ಕೆಂಪಕ್ಕ, ಒಳ್ಳೇವ್ರೇ, ಬ್ಯಾಡ ಅನ್ನಲ್ಲ. ಆದ್ರೆ ಬೆಳಗ್ಗೆ ಬೆಳಗ್ಗೇನೇ, ಬೋಣಿ ಒತ್ತಲ್ಲಿ..."

ಗಲ್ಲಾದಿಂದ ಮುನಿಆಂಜಿನಪ್ಪ ಕೇಳಿದ. "ವೆಂಕಟಣ್ಣ, ನಿನ್ನೆ ಇವ್ರು ಬರ್ದೇ ಇದ್ದಿದ್ರೆ ಇವತ್ತು ನನಗೇ ಊವಿನ ಆರ ಕಳಿಸ್ಬೇಕಾಗಿತ್ತಲ್ಲ ನೀನು. ಆ ಬೋಣಿ ಚೆನ್ನಾಗಿರ್ತಿತ್ತಾ?"

ವೆಂಕಟಸ್ವಾಮಿ ಆಂಬುಲೆನ್ಸನ್ನೂ ಗೆಳೆಯನನ್ನೂ ನೋಡಿದ. "ಬೇವರ್ಸಿ ಮಾತು ಆಡ್ಬ್ಯಾಡ ನೀನು" ಎಂದು ಗದರಿಸಿ ಹೋಗಿಬಿಟ್ಟ. ಮರುದಿನ ಅವನೇ ಒಂದು ತಗಡಿನ ಮೇಲೆ 'ಇದು ಆಂಬುಲೆನ್ಸ್ ಜಾಗ, ಬೇರೆ ಗಾಡಿ ನಿಲ್ಲಿಸಬೇಡಿ' ಎಂದು ಬಣ್ಣದಲ್ಲಿ ಬರೆಸಿ ತಂದು ಹೊಂಗೆ ಮರದ ಪಕ್ಕ ನೆಡಿಸಿದ. ಅಕ್ಷರ ಅರಿಸಿನದ ಬಣ್ಣದಲ್ಲಿದ್ದವು.

ಸಿಮೆಂಟ್ ಟೆಂಪೋದವರ ಹತ್ತಿರ ಪುನೀತ್ ಮಾತಾಡಿದ. ಬೀದಿಯ ಬಾಯಲ್ಲಿ ಬೈಕು ನಿಲ್ಲಿಸುವುದು ಬೇಡ ಎಂದು ಹುಡುಗರಿಗೂ ಹೇಳಿದ. ಮೊದಲು ಯಾರೂ ಕೇಳಲಿಲ್ಲ. ಮುನಿಕೆಂಪಮ್ಮ, ಮಾತು ಕೇಳದವರಿಗೆ ತಿಂಡಿ ಇಲ್ಲ ಅಂದಳು. ಆಮೇಲೆ ಕೇಳಿದರು.

ಮದುವೆ ದಿನ ಗೊತ್ತು ಮಾಡಲು ಗಂಡಿನ ಕಡೆಯವರು ಮತ್ತೆ ಬಂದಾಗ ಆಂಬುಲೆನ್ಸ್ ನೆರಳಲ್ಲೇ ಇತ್ತು. ಹುಡುಗನ ತಾಯಿ ಕಾರಿನಿಂದ ಇಳಿಯುತ್ತಲೇ ಗಾಬರಿಯಾಗಿ, "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು.

"ಎಲ್ಲಾರೂ ಚೆನ್ನಾಗವ್ರೆ. ಅದು ನಮ್ಮ ಹುಡುಗ್ರ ಗಾಡಿ" ಅಂದಳು ಮುನಿಕೆಂಪಮ್ಮ. ಒಳಗೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿದಳು, ತಾನು ಗಾಡಿಯನ್ನು ಅಲ್ಲಿಂದ ಕಳಿಸಿದ್ದನ್ನೂ ಬಿಡದೆ. ಹುಡುಗನ ತಾಯಿ ಕೇಳಿಸಿಕೊಂಡು, "ಅವರಿಬ್ಬರನ್ನೂ ಊಟಕ್ಕೆ ಕರೀರಿ ಮತ್ತೆ" ಎಂದರು.

ಎಲೆ ಹಾಕಿ, ಪಾಯಸ ಬಡಿಸುವ ಹೊತ್ತಿಗೆ ಯಶೋಧಾಳ ಫೋನು ಹೊಡೆದುಕೊಂಡಿತು. ಸಂಪಿಗೆಹಳ್ಳಿಯ ಕಡೆ ಯಾರಿಗೋ ಎದೆನೋವು. ಇಬ್ಬರೂ ಎಲೆ ಬಿಟ್ಟು ಎದ್ದರು. ಮುನಿಕೆಂಪಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಪುನೀತ್ ಬೀದಿಯ ಬಾಯಲ್ಲಿ ನಿಂತು ಬರುವ ಗಾಡಿಗಳನ್ನು ತಡೆದಿದ್ದ. ವೆಂಕಟಸ್ವಾಮಿ ಗಿರಾಕಿಯೊಬ್ಬನ ಸ್ಕೂಟರನ್ನು ತಾನೇ ತಳ್ಳಿಕೊಂಡು ಪಕ್ಕಕ್ಕೆ ಹೋಗುತ್ತಿದ್ದ. ಆಂಬುಲೆನ್ಸ್ ಎಲ್ಲಿಯೂ ನಿಲ್ಲದೆ ದಾಟಿಹೋಯಿತು. ಯಾರದೋ ಮನೆಯಲ್ಲಿ ಯಾರೋ ಆ ಸದ್ದಿಗೆ ಕಿವಿಗೊಟ್ಟು ಕೂತಿದ್ದಾರೆ ಎಂದು ಮುನಿಕೆಂಪಮ್ಮನಿಗೆ ಅನ್ನಿಸಿತು. ಅವಳು ಒಳಗೆ ಬಂದು ಇಬ್ಬರ ಪಾಲಿನ ಪಾಯಸವನ್ನು ಮುಚ್ಚಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಇದು ಜಕ್ಕೂರಿನ ಒಂದು ಬೀದಿಯ ಕಥೆ. ನಿಮ್ಮ ಬೀದಿಯಲ್ಲೂ ಒಂದು ನೆರಳಿರಬಹುದು, ಅಲ್ಲೊಂದು ಆಂಬುಲೆನ್ಸ್ ಬಂದು ನಿಲ್ಲಬಹುದು. ಅಪಶಕುನ ಅಂದುಕೊಳ್ಳಬೇಡಿ. ಸಹಾಯ ಹತ್ತಿರದಲ್ಲೇ ಇದೆ ಅಂದುಕೊಳ್ಳಿ. ಸೈರನ್ ಕೇಳಿದರೆ ದಾರಿ ಬಿಡಿ. ಒಳಗೆ ಯಾರಿದ್ದಾರೆ ಎಂದು ಇಣುಕಬೇಡಿ, ಹಿಂದೆ ಅಂಟಿಕೊಂಡು ಹೋಗಬೇಡಿ. ನೀವೇ 108ಕ್ಕೆ ಕರೆ ಮಾಡುವ ಹೊತ್ತು ಬಂದರೆ ಸರಿಯಾದ ಗುರುತು ಹೇಳಿ, ಅವರು ಹೇಳಿದ್ದನ್ನು ಪೂರ್ತಿ ಕೇಳಿ, ಒಬ್ಬರು ಹೋಗಿ ರಸ್ತೆ ತುದಿಯಲ್ಲಿ ನಿಲ್ಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬಂದವರು ಅಲ್ಲೇ ಕೂತು ಚಿಕಿತ್ಸೆ ಶುರು ಮಾಡಿದರೆ ಅದು ತಡ ಮಾಡುವುದಲ್ಲ, ಜೀವ ಹಿಡಿದು ನಿಲ್ಲಿಸುವ ಕೆಲಸ. ಸುತ್ತ ಮುತ್ತಿಕೊಳ್ಳಬೇಡಿ, ಕೈ ಮಾಡಬೇಡಿ.

ಅವರೂ ನಮ್ಮ ನಿಮ್ಮಂತೆ ಹಸಿವು, ಬಾಯಾರಿಕೆ ಇರುವವರು. ಇವತ್ತು ನಿಮ್ಮ ಬಾಗಿಲ ಹತ್ತಿರ ಆ ಗಾಡಿ ನಿಂತಿದ್ದರೆ, ಯಾಕೆ ನಿಂತಿದ್ದೀರಿ ಎಂದು ಕೇಳುವ ಬದಲು, ನೀರು ಬೇಕಾ ಎಂದು ಕೇಳಿ.